ಹಳೇ ಕ್ಯಾಂಪರ್ ವ್ಯಾನ್: ಎಂಜಿನ್‌ಗಿಂತ ಮೊದಲು ನೀರಿನ ಜಾಡು ಹುಡುಕಿ

ಹಳೇ ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಗಾಡಿ, ಕೊಳ್ಳಲೆಂದು ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಬಾನೆಟ್ ಎತ್ತುತ್ತಾರೆ. ನಾನು ಒಳಗೆ ಹತ್ತಿ, ಬಾಗಿಲು ಹಾಕಿಕೊಂಡು ಮೂಸುತ್ತೇನೆ. ಮುಗ್ಗಲು ವಾಸನೆ ಬಂದರೆ ಜೇಬಿನ ಮೇಲೆ ಕೈಯಿಟ್ಟುಕೊಳ್ಳಬೇಕು. ಅದನ್ನು ಮುಚ್ಚಲು ಸುಗಂಧದ ಡಬ್ಬಿ ಇಟ್ಟಿದ್ದರಂತೂ ಎರಡೂ ಕೈ.

ಎಂಜಿನ್ ಕೆಟ್ಟಿದ್ದರೆ ಮೆಕ್ಯಾನಿಕ್ ಒಂದು ಮೊತ್ತ ಹೇಳಬಲ್ಲ, ನೀವು ಅದನ್ನು ಬೆಲೆಯಲ್ಲಿ ಕಳೆಯಬಹುದು. ತುಕ್ಕು ಮತ್ತು ತೇವಕ್ಕೆ ಹಾಗೆ ಮೊತ್ತ ಹೇಳಲಾಗದು. ಬಿಚ್ಚಿದಷ್ಟೂ ಕಾಣುತ್ತದೆ, ಬಿಚ್ಚುವುದಕ್ಕೂ ಲೇಬರ್ ಕೊಡಬೇಕು. ಆದ್ದರಿಂದ ಕೈಯಲ್ಲಿರುವ ಹಣವನ್ನು ಮೂರು ಪಾಲು ಮಾಡಿ, ಎರಡು ಪಾಲಿನೊಳಗೆ ಗಾಡಿ ಸಿಗದಿದ್ದರೆ ಆ ಗಾಡಿ ನಿಮ್ಮದಲ್ಲ ಎಂದುಕೊಳ್ಳಿ. ಮೂರನೇ ಪಾಲು ಮೊದಲ ವರ್ಷದಲ್ಲೇ ಗ್ಯಾರೇಜಿಗೆ ಹೋಗುತ್ತದೆ ಅನ್ನುವುದು ನನ್ನ ಲೆಕ್ಕ.

ನೋಡಲು ಹೋಗುವಾಗ ಟಾರ್ಚ್, ಚಿಕ್ಕ ಅಯಸ್ಕಾಂತ, ಸ್ಕ್ರೂಡ್ರೈವರ್, ಮಂಡಿಯಡಿ ಹಾಸಲು ಹಳೇ ಬಟ್ಟೆ ಇರಲಿ. ಚಕ್ರದ ಕಮಾನು, ಬಾಗಿಲ ಕೆಳಗಿನ ಅಂಚು, ಜಾಕ್ ಕೊಡುವ ಜಾಗ, ಮುಂಗಾಜಿನ ರಬ್ಬರಿನ ಸುತ್ತ ಅಯಸ್ಕಾಂತ ಆಡಿಸಿ. ಉಕ್ಕಿನ ಬಾಡಿಯಲ್ಲಿ ಅದು ಹಿಡಿಯದೆ ಜಾರುವ ಕಡೆ ತೂತು ಮುಚ್ಚಲು ಮೆತ್ತಿದ ದಪ್ಪ ಪುಟ್ಟಿ ಇದೆ. ಗಾಡಿಯ ಅಡಿಭಾಗಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಖುಷಿಪಡಬೇಡಿ, ಕೇಳಿ: ಬಳಿಯುವ ಮುಂಚಿನ ಫೋಟೋ ಇದೆಯಾ? ಚಾಸಿಯ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿನ, ಉದ್ದಕ್ಕೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಠಣ್ ಅನ್ನುತ್ತದೆ, ತಿಂದುಹೋದದ್ದು ಮೊದ್ದಾಗಿ ಸದ್ದು ಮಾಡುತ್ತದೆ. ಮೇಲ್ಮೈ ತುಕ್ಕು ಉಜ್ಜಿ ಬಳಿದರೆ ಮುಗಿಯಿತು. ಚಾಸಿಯಲ್ಲಿ ತೂತಿದ್ದರೆ ಕತ್ತರಿಸಿ, ಹೊಸ ತಗಡು ಕೂರಿಸಿ ವೆಲ್ಡ್ ಮಾಡಬೇಕು. ಆ ಗಂಟೆಗಳ ಕೂಲಿಯೇ ಇಂಥ ಗಾಡಿಗಳ ದೊಡ್ಡ ಖರ್ಚು.

ಇನ್ನು ತೇವ. ವ್ಯಾನಿನ ಮೂಲ ಉಕ್ಕಿನ ಬಾಡಿಯನ್ನೇ ಉಳಿಸಿಕೊಂಡ ಕ್ಯಾಂಪರ್‌ಗಿಂತ, ಹಿಂದೆ ಪೆಟ್ಟಿಗೆಯಂಥ ಮನೆ ಕಟ್ಟಿರುವ ಗಾಡಿಯಲ್ಲಿ ಇದು ಹೆಚ್ಚು ಅಪಾಯ. ಹಳೆಯ ಅನೇಕ ಗಾಡಿಗಳಲ್ಲಿ ಅಲ್ಯೂಮಿನಿಯಂ ಹಾಳೆಯ ಹಿಂದೆ ಮರದ ಚೌಕಟ್ಟಿರುತ್ತದೆ. ಹಾಳೆಗಳು ಕೂಡುವ ಕಡೆ ನೀರು ತಡೆಯಲು ಹಾಕಿದ ಸೀಲೆಂಟ್ ಒಣಗಿ ಬಿರಿದಾಗ ನೀರು ಇಳಿಯುತ್ತದೆ. ಗೆದ್ದಲು ಹಿಡಿದ ಬಾಗಿಲಿನ ಹಾಗೆ, ಹೊರಗೆಲ್ಲ ನೆಟ್ಟಗೆ, ಒತ್ತಿದರೆ ಒಳಗೆ ಪುಡಿ. ಕಿಟಕಿಯ ಕೆಳಮೂಲೆ, ಛಾವಣಿಯ ಗಾಳಿಗಂಡಿಯ ಸುತ್ತ, ಹಿಂಬದಿಯ ಮೂಲೆಗಳನ್ನು ಹೆಬ್ಬೆರಳಿಂದ ಒತ್ತಿ. ತೇವ ಅಳೆಯುವ ಮೀಟರ್ ಸಿಕ್ಕರೆ ಒಳ್ಳೆಯದು. 15 ಪ್ರತಿಶತದೊಳಗೆ ನೆಮ್ಮದಿ, 20 ದಾಟಿದರೆ ಅನುಮಾನ, 30ರ ಮೇಲೆ ಹೋದರೆ ಮರ ಕೊಳೆತಿರುವ ಸಾಧ್ಯತೆ ಜೋರು.

ಎಂಜಿನ್ ವಿಷಯದಲ್ಲಿ ಮುಖ್ಯ ಮಾತು ಒಂದೇ: ನೀವು ಹೋಗುವ ಮುಂಚೆ ಗಾಡಿ ಸ್ಟಾರ್ಟ್ ಮಾಡಿರಬಾರದು. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಎಂಜಿನ್ನಿನೊಳಗೆ ಸೇರಿ ಸುಡುತ್ತಿದೆ. ಪಿಸ್ಟನ್, ವಾಲ್ವ್‌ಗಳನ್ನು ತಾಳ ತಪ್ಪದಂತೆ ಓಡಿಸುವ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇಲ್ಲವೆಂದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ. ತುಂಬಾ ಎಂಜಿನ್‌ಗಳಲ್ಲಿ ಅದು ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ.

ಮಾದರಿಯ ಪ್ರಶ್ನೆಯೂ ಇದೆ. 1950ರಲ್ಲಿ ತಯಾರಿ ಶುರುವಾದ ಫೋಕ್ಸ್‌ವ್ಯಾಗನ್ ಟೈಪ್ 2ರಂಥ ಜನಪ್ರಿಯ ಗಾಡಿಗೆ ಇವತ್ತಿಗೂ ಹೊಸ ತಗಡಿನ ಭಾಗಗಳು ತಯಾರಾಗುತ್ತವೆ. ಆ ಜನಪ್ರಿಯತೆಗೇ ಬೆಲೆಯೂ ಏರಿರುತ್ತದೆ. ಅದರ ಹಳೇ ಗಾಡಿಗಳಲ್ಲಿ ಎಂಜಿನ್ ಹಿಂದಿದೆ, ಗಾಳಿಯಿಂದ ತಣಿಯುವಂಥದ್ದು. ಪೆಟ್ರೋಲ್ ಪೈಪಿನ ಹಳೇ ರಬ್ಬರ್ ಬಿರಿದು ಬೆಂಕಿ ಹೊತ್ತುವುದು ಈ ಗಾಡಿಗಳ ಕುಖ್ಯಾತ ಕಾಯಿಲೆ. ಖರೀದಿಸಿದ ವಾರದಲ್ಲೇ ಆ ಪೈಪುಗಳನ್ನು ಬದಲಿಸಿಬಿಡಿ, ಅಗ್ಗದ ಕೆಲಸ. ಅಪರೂಪದ ಮಾದರಿ ಅಗ್ಗಕ್ಕೆ ಸಿಗಬಹುದು, ಆದರೆ ಅದರ ಕಿಟಕಿಯೊಂದು ಒಡೆದರೆ ಹುಡುಕಾಟದಲ್ಲೇ ಹೈರಾಣಾಗುತ್ತೀರಿ.

ಟೈರಿನ ಮೇಲಿನ ಗೀರು ಆಳವಾಗಿದೆ ಎಂದು ಸಮಾಧಾನಪಡಬೇಡಿ. ನಿಂತೇ ಇರುವ ಗಾಡಿಯ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ DOT ಅಕ್ಷರಗಳಿಂದ ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದ್ದು. 10 ವರ್ಷ ದಾಟಿದ್ದನ್ನು ನಾನು ಓಡಿಸುವುದಿಲ್ಲ, ಎಲ್ಲ ಟೈರುಗಳ ಬೆಲೆಯನ್ನೂ ಚೌಕಾಶಿಗೆ ತರುತ್ತೇನೆ.

ಒಳಗಿನ ಬ್ಯಾಟರಿ ಸೀಸ-ಆಮ್ಲದ್ದಾದರೆ, ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಅದರ ಚಾರ್ಜಿನಲ್ಲೂ ಅರ್ಧದಷ್ಟನ್ನೇ ಬಳಸಿದರೆ ಬಾಳಿಕೆ. ಗ್ಯಾಸ್ ಪೈಪಿನ ಮೇಲೆ ಅಚ್ಚಾದ ವರ್ಷ ಹಳೆಯದಾಗಿದ್ದರೆ ಪೈಪು, ರೆಗ್ಯುಲೇಟರ್ ಎರಡನ್ನೂ ಬದಲಿಸಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಅದಕ್ಕೇ ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಗಂಡಿ ಬಿಟ್ಟಿರುತ್ತಾರೆ. ಚಳಿಗಾಳಿ ಬರುತ್ತದೆಂದು ಹಿಂದಿನವರು ಅದನ್ನು ಮುಚ್ಚಿರಬಹುದು, ಬಗ್ಗಿ ನೋಡಿ. ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ಪತ್ತೆಹಚ್ಚುವ ಅಲಾರಂ ಇಲ್ಲದೆ ಒಳಗೆ ಮಲಗಲೇಬೇಡಿ.

ಮರೆತುಹೋಗುವ ಲೆಕ್ಕ ತೂಕದ್ದು. ನೂರು ಲೀಟರ್ ನೀರೆಂದರೆ 100 ಕಿಲೋ. ಮೇಲೆ ಜನ, ಹಾಸಿಗೆ, ಸೈಕಲ್. ಕೊಳ್ಳುವ ಮುನ್ನ ಗಾಡಿಯನ್ನೇ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ದಾಖಲೆಯ ಮಿತಿಗೆ ಎಷ್ಟು ಉಳಿಯಿತು ನೋಡಿ. ಇನ್ಶೂರೆನ್ಸ್, ತೆರಿಗೆ, ನಿಲ್ಲಿಸುವ ಜಾಗದ ಬಾಡಿಗೆ ಗಾಡಿ ಕದಲದಿದ್ದರೂ ಕಟ್ಟಬೇಕು. ಹೀಗಾಗಿ ವರ್ಷಕ್ಕೆ ಎಷ್ಟು ರಾತ್ರಿ ಅದರಲ್ಲಿ ಮಲಗುತ್ತೀರೋ ಅದರಿಂದ ಒಟ್ಟು ವೆಚ್ಚವನ್ನು ಭಾಗಿಸಿ, ಲಾಡ್ಜ್ ಬಾಡಿಗೆಯ ಪಕ್ಕ ಇಟ್ಟು ನೋಡಿ. ಹೋಲಿಕೆ ಚಂದ ಕಾಣದಿದ್ದರೂ ಕೊಳ್ಳುವವರಿದ್ದಾರೆ, ನಾನೂ ಆ ಪೈಕಿಯೇ.

ರಿಪೇರಿಗೆ ಇಳಿದಾಗ ಬ್ರೇಕ್, ಟೈರ್, ಇಂಧನದ ಪೈಪು, ಗ್ಯಾಸ್ ಮೊದಲು. ಆಮೇಲೆ ಸೋರಿಕೆ ಮತ್ತು ವೆಲ್ಡಿಂಗ್. ಸೋರುವ ಜಾಗ ಸರಿಮಾಡಿದ ಮೇಲೆ ಒಳಗೋಡೆಯ ಹಲಗೆ ಕೂಡಲೇ ಮುಚ್ಚಬೇಡಿ. ಒಳ್ಳೆಯ ಮಳೆಗೆ ನಿಲ್ಲಿಸಿ, ಇಲ್ಲವೇ ಪೈಪಿನಿಂದ ಅರ್ಧ ಗಂಟೆ ನೀರು ಬಿಟ್ಟು, ಒಳಗೆ ಟಾರ್ಚ್ ಹಿಡಿದು ಕೂತು ನೋಡಿ. ಪರದೆ, ಕುಶನ್ ಬಟ್ಟೆಗೆ ಅಂಗಡಿಗೆ ಹೋಗುವುದು ಅದಾದ ನಂತರ.