ಮುರುಕು ಹಿಕರಿ ಗಾಲ್ಫ್ ಕ್ಲಬ್ಬುಗಳಿಂದ ಏಳರ ಸೆಟ್ಟು: ನನ್ನ ಅನುಭವ

ಕಳೆದ ತಿಂಗಳು ನಾನು ಕೂಡಿಸಿಕೊಟ್ಟ ಏಳು ಹಿಕರಿ ಕ್ಲಬ್ಬುಗಳ, ಅಂದರೆ ಹಿಕರಿಯೆಂಬ ಗಟ್ಟಿಮರದ ಕೋಲಿರುವ ಹಳೆಯ ಗಾಲ್ಫ್ ಕ್ಲಬ್ಬುಗಳ, ಸೆಟ್ಟೊಂದು 540 ಪೌಂಡಿಗೆ ಮಾರಾಟವಾಯಿತು. ಅದರಲ್ಲಿದ್ದ ಯಾವ ಕ್ಲಬ್ಬಿಗೂ ನಾನು 25 ಪೌಂಡಿಗಿಂತ ಹೆಚ್ಚು ಕೊಟ್ಟಿರಲಿಲ್ಲ. ಎರಡರ ಶಾಫ್ಟಂತೂ (ಕೋಲು) ಕೊಳ್ಳುವಾಗಲೇ ಮುರಿದಿತ್ತು. ಏಳು ವರ್ಷದ ಹಿಂದೆ ಸಾಮಾನ್ಯ ಹಳೆಯ ಕ್ಲಬ್ಬುಗಳನ್ನು ಕೊಂಡು ಮಾರುವ ಯೋಚನೆಯನ್ನು ಇಲ್ಲಿನ ಹಿರಿಯ ಸಂಗ್ರಾಹಕರೊಬ್ಬರ ಮುಂದಿಟ್ಟಾಗ, ಬೆಲೆಯೇನಿದ್ದರೂ ಅಪರೂಪದ ವಸ್ತುವಿಗೆ, ಸಾಮಾನ್ಯ ಮ್ಯಾಶಿಗಳು (ನಡು ದೂರದ ಕಬ್ಬಿಣದ ಕ್ಲಬ್ಬುಗಳು) ಪಬ್ಬಿನ ಗೋಡೆಗೆ ನೇತುಹಾಕಲಿಕ್ಕಷ್ಟೇ ಲಾಯಕ್ಕು ಎಂದು ಅವರು ನಕ್ಕಿದ್ದರು. ಅವರ ಮಾತು ಕೇಳಿ ಕಳೆದುಕೊಂಡ ಹಣದಿಂದಲೇ ಆರಂಭಿಸುತ್ತೇನೆ.

ನಾನಿರುವುದು ಸ್ಕಾಟ್ಲೆಂಡಿನ ಫೈಫ್ ಸೀಮೆಯಲ್ಲಿ. ಸೇಂಟ್ ಆಂಡ್ರೂಸಿನ ಟಾಮ್ ಸ್ಟೂವರ್ಟನ ಪೈಪು, ಲೆವೆನ್ನಿನ ಜಾರ್ಜ್ ನಿಕಲ್‌ನ ಕೈ, ಕಿಂಗ್‌ಹಾರ್ನಿನ ವಿಲಿಯಂ ಗಿಬ್ಸನ್‌ನ ನಕ್ಷತ್ರ, ಆನ್‌ಸ್ಟ್ರದರಿನ ಆಂಡರ್ಸನ್‌ನ ಬಾಣ, ಕ್ಲಬ್ಬಿನ ಹೆಡ್ಡಿಗೆ (ಚೆಂಡಿಗೆ ತಗಲುವ ಭಾಗಕ್ಕೆ) ತಯಾರಕರು ಒತ್ತುತ್ತಿದ್ದ ಈ ಗುರುತುಗಳೆಲ್ಲ ಹುಟ್ಟಿದ್ದು ಇದೇ ಕರಾವಳಿಯ ಕಮ್ಮಾರಸಾಲೆಗಳಲ್ಲಿ. ಇಂಥ ಕಡೆ ಅಪರೂಪದ ಮಾಲು ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕೀತೆಂದು ನಂಬಿದ್ದು ನನ್ನ ಮೊದಲ ದಡ್ಡತನ. ಇಲ್ಲಿ ಚಾರಿಟಿ ಅಂಗಡಿಯ ಹೆಂಗಸರಿಗೂ ಸ್ಟೂವರ್ಟನ ಪೈಪು ಗೊತ್ತು. ಹರಾಜಿನಲ್ಲಿ ಉದ್ದಮೂತಿಯ ಹಳೆಯ ಮರದ ಕ್ಲಬ್ಬೆಂದು 180 ಪೌಂಡಿಗೆ ಕೂಗಿ, ಕೊಳ್ಳುವವನ ಕಮಿಷನ್ನು, ತೆರಿಗೆ ಎಲ್ಲ ಸೇರಿ 230ರ ಆಸುಪಾಸು ತೆತ್ತು ತಂದದ್ದು ಹೋಟೆಲಿನ ಅಲಂಕಾರಕ್ಕೆ ಈಚೆಗೆ ಮಾಡಿದ ನಕಲಾಗಿತ್ತು. ಅದಕ್ಕೂ ಮೊದಲು ಹಳೆಯ ಸಾಮಾನನ್ನು ಕಾರಿನ ಡಿಕ್ಕಿಯಿಂದಲೇ ಮಾರುವ ಕಾರ್ ಬೂಟ್ ಸಂತೆಯಲ್ಲಿ ಹಿಕರಿಯೆಂದು ಒಂದು ಕಂತೆಯನ್ನೇ ಕೊಂಡಿದ್ದೆ. ಮನೆಗೆ ಬಂದು ಫ್ರಿಜ್ಜಿನ ಬಾಗಿಲಿನಲ್ಲಿದ್ದ ಅಯಸ್ಕಾಂತವನ್ನು ಹಿಡಿದರೆ ಒಂದೊಂದು ಶಾಫ್ಟಿಗೂ ಅದು ಟಕ್ಕೆಂದು ಅಂಟಿಕೊಂಡಿತು. ಗಾಲ್ಫಿನ ನಿಯಮ ರೂಪಿಸುವ ಆರ್ ಅಂಡ್ ಎ ಸಂಸ್ಥೆ 1929ರಲ್ಲಿ ಉಕ್ಕಿನ ಶಾಫ್ಟಿಗೆ ಒಪ್ಪಿಗೆ ಕೊಟ್ಟ ಮೇಲೆ, ಮರಕ್ಕೆ ಒಗ್ಗಿದ ಕಣ್ಣುಗಳಿಗಾಗಿ ಉಕ್ಕಿಗೇ ಮರದ ಬಣ್ಣದ ಹೊದಿಕೆ ತೊಡಿಸುತ್ತಿದ್ದರೆಂಬುದು ಆಗ ನನಗೆ ತಿಳಿದಿರಲಿಲ್ಲ. ಅಂದಿನಿಂದ ಕೀಗೊಂಚಲಿನಲ್ಲಿ ಒಂದು ಅಯಸ್ಕಾಂತ ಇದ್ದೇ ಇರುತ್ತದೆ. ಮೊದಲ ಎರಡು ವರ್ಷಗಳಲ್ಲಿ ಸುಮಾರು 1,900 ಪೌಂಡು ಹೋಯಿತು, 1,100ರಷ್ಟು ಹಿಂದಕ್ಕೆ ಬಂದಿರಬಹುದು.

ಹಾಳುಮಾಡಿದ ಲೆಕ್ಕ ಬೇರೆ. ನಿಕಲ್ಲನ ಒಂದು ನಿಬ್ಲಿಕ್ಕನ್ನು (ಚೆಂಡನ್ನು ಎತ್ತರಕ್ಕೆ ಹೊಡೆಯುವ ಕಬ್ಬಿಣದ ಕ್ಲಬ್ಬು) ತುಕ್ಕು ಬಿಡಲೆಂದು ರಾತ್ರಿಯಿಡೀ ವಿನಿಗರಿನಲ್ಲಿ ಮುಳುಗಿಸಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಲೋಹ ಸುಣ್ಣದ ಗೋಡೆಯಂತೆ ಬೂದಿ ಬಣ್ಣಕ್ಕೆ ತಿರುಗಿತ್ತು. ಮೊದಲೇ ಸವೆದಿದ್ದ ಕೈಗುರುತಿನಲ್ಲಿ ಎರಡು ಬೆರಳು ಮಾಯವಾಗಿದ್ದವು. ಈಗ ಅತಿ ನಯವಾದ ಉಕ್ಕಿನ ಉಣ್ಣೆಗೆ ತೆಳ್ಳನೆಯ ಎಣ್ಣೆ ಹಚ್ಚಿ, ಗುರುತಿನ ಸುತ್ತ ಬೆರಳಿನಿಂದಲೇ ಉಜ್ಜುತ್ತೇನೆ, ಕಂದು ಛಾಯೆ ಉಳಿದಿರುವಾಗಲೇ ಕೈ ತೆಗೆಯುತ್ತೇನೆ. ತಂತಿಯ ಚಕ್ರವನ್ನು ಮನೆಯಿಂದಲೇ ಹೊರಹಾಕಿದ್ದೇನೆ.

ಹುಣಸೆಹಣ್ಣಿನ ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಬ್ರ್ಯಾಸಿಯೆಂಬ ಮರದ ಹೆಡ್ಡಿನ ಕ್ಲಬ್ಬಿನ ಅಡಿಯಲ್ಲಿರುವ ಹಿತ್ತಾಳೆಯ ತಗಡಿಗೆ, ನಮ್ಮ ಮನೆಯಲ್ಲಿ ದೀಪದ ಕಂಬಗಳನ್ನು ತಿಕ್ಕುವ ಹಾಗೆಯೇ, ಹುಣಸೆ ರಸ ಹಚ್ಚಿ ತಿಕ್ಕಿದೆ. ಹೊಸ ಚೆಂಬಿನಂತೆ ಫಳಫಳಿಸಿತು. ಅದನ್ನು ಕೊಂಡವರು ಮೂರನೆಯ ದಿನ ಹಿಂದಿರುಗಿಸಿದರು: ನೂರು ವರ್ಷದ ಬಣ್ಣವನ್ನು ತೊಳೆದುಹಾಕಿದ ಕ್ಲಬ್ಬು ತಮಗೆ ಬೇಡವಂತೆ. ಅದೇ ರಸ ಪಕ್ಕದ ಐರನ್ನಿಗೆ (ಕಬ್ಬಿಣದ ಹೆಡ್ಡಿನ ಕ್ಲಬ್ಬಿಗೆ) ಸಿಡಿದು ಅಲ್ಲಲ್ಲಿ ಕಪ್ಪು ಚುಕ್ಕೆಗಳನ್ನು ಮೂಡಿಸಿದ್ದು ಮೇಲಿನ ಬಡ್ಡಿ. ಅರಗಿನ ವಿಷಯದಲ್ಲಿ ಮಾತ್ರ ನನಗೆ ಊರಿನ ಬಲವಿತ್ತು. ನನ್ನ ಸೋದರಮಾವ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರು. ಅವರು ಕೊಟ್ಟ ಅರಗಿನ ಕಡ್ಡಿಯನ್ನು ತಂದು, ತಿರುಗುವ ಶಾಫ್ಟಿಗೆ ಒತ್ತಿ ಹಿಡಿದು ಹೊಳಪು ಕೊಟ್ಟಾಗ ನೋಡಲು ಕಣ್ಣು ಸಾಲದು. ಮೈದಾನದಲ್ಲಿ ಹತ್ತು ಹೊಡೆತಕ್ಕೆ ಅದು ಕೆರೆಯ ಒಣಮಣ್ಣಿನಂತೆ ಬಿರುಕುಬಿಟ್ಟಿತು. ಫೋನಿನಲ್ಲಿ ಹೇಳಿದಾಗ ಮಾವ, "ಗೊಂಬೆ ಬಳುಕೋದಿಲ್ಲ ಕಣಯ್ಯ, ನಿನ್ನ ಕೋಲು ಬಳುಕ್ತದೆ. ದಪ್ಪಗೆ ಕೂತ ಅರಗು ನಿಲ್ಲೋದಿಲ್ಲ" ಎಂದರು. ಅದೇ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಆರೇಳು ಬಾರಿ ತೆಳುವಾಗಿ ಸವರಿದರೆ ಬಿರುಕಿಲ್ಲ. ಅದಕ್ಕೆ ಮುಂಚೆ ಮರ ಸಾಕೆನ್ನುವವರೆಗೆ ಅಗಸೆ ಎಣ್ಣೆ ಕುಡಿಸಬೇಕು, ಎರಡು ವಾರ ಒಣಗಲು ಬಿಡಬೇಕು.

ನಿಜವಾದ ದಾರಿ ಕಂಡದ್ದು ಎಡಿನ್‌ಬರೋ ಪಕ್ಕದ ಮಸಲ್‌ಬರೋದ ಓಲ್ಡ್ ಲಿಂಕ್ಸ್ ಎಂಬ ಗಾಲ್ಫ್ ಮೈದಾನದಲ್ಲಿ. ಅಲ್ಲಿ ಬಂದವರಿಗೆ ಆಡಲು ಹಿಕರಿ ಕ್ಲಬ್ಬುಗಳನ್ನು ಬಾಡಿಗೆಗೆ ಕೊಡುತ್ತಾರೆ. ಒಂಬತ್ತು ಹೋಲುಗಳ ಮೈದಾನ. ಜೊತೆಗೆ ಆಡುತ್ತಿದ್ದ ಇಬ್ಬರು ತಮ್ಮದೇ ಹಳೆಯ ಕ್ಲಬ್ಬುಗಳನ್ನು ತಂದಿದ್ದರು, ಆದರೆ ಒಂದು ಮ್ಯಾಶಿ ಬೆತ್ತದಂತೆ ಬಳುಕಿದರೆ ಇನ್ನೊಂದು ಹಾರೆಯಂತೆ ಬಿರುಸು. ಇಬ್ಬರೂ ದಾರಿಯುದ್ದಕ್ಕೂ ಅದನ್ನೇ ಗೊಣಗುತ್ತಿದ್ದರು. 2005ರಿಂದ ವರ್ಲ್ಡ್ ಹಿಕರಿ ಓಪನ್ ಎಂಬ ಪಂದ್ಯವೇ ನಡೆಯುತ್ತಿರುವಾಗ, ಗೋಡೆಗಲ್ಲದೆ ಆಟಕ್ಕೇ ಕ್ಲಬ್ಬು ಬೇಕಾದವರು ಎಷ್ಟೋ ಮಂದಿ ಇದ್ದಾರೆ, ಅವರಿಗೆ ಬೇಕಾದದ್ದು ಅಪರೂಪದ ವಸ್ತುವಲ್ಲ, ಕೈಗೆ ಒಂದೇ ರೀತಿ ಕೂರುವ ಏಳು ಕ್ಲಬ್ಬುಗಳು ಎಂಬುದು ಅವತ್ತು ಬಸ್ಸಿನಲ್ಲಿ ಮರಳುವಾಗ ಹೊಳೆಯಿತು.

ಆಮೇಲೆ ನಾನು ಗುರುತು ನೋಡಿ ಕೊಳ್ಳುವುದನ್ನು ಬಿಟ್ಟು ಹೆಡ್ಡಿನ ತೂಕ ಮತ್ತು ಶಾಫ್ಟಿನ ನಾರು ನೋಡಿ ಕೊಳ್ಳತೊಡಗಿದೆ. ನಾರು ಗ್ರಿಪ್ಪಿನಿಂದ (ಕೈ ಹಿಡಿಯುವ ತುದಿ) ಹೋಸೆಲ್ಲಿನವರೆಗೆ (ಶಾಫ್ಟು ಹೆಡ್ಡಿಗೆ ಕೂರುವ ಕೊಳವೆ) ನೇರವಾಗಿ ಓಡಿರಬೇಕು. ನಡುವೆ ಪಕ್ಕಕ್ಕೆ ಹರಿದು ಹೊರಬಿದ್ದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಮನೆಗೆ ತಂದ ಪ್ರತಿ ಕ್ಲಬ್ಬನ್ನೂ ಗ್ರಿಪ್ಪಿನ ಕಡೆಯಿಂದ ಬಡಗಿಯ ಹಿಡಿಕೆಗೆ (ವೈಸಿಗೆ) ಬಿಗಿದು, ಮೂವತ್ತು ಇಂಚಿನ ಗುರುತಿಗೆ ಒಂದು ಕಿಲೋ ತೂಕ ನೇತುಹಾಕಿ, ಎಷ್ಟು ಮಿಲಿಮೀಟರು ಇಳಿಯಿತೆಂದು ಶಾಫ್ಟಿನ ಮೇಲೆಯೇ ಪೆನ್ಸಿಲಿನಿಂದ ಬರೆಯುತ್ತೇನೆ. ಒಂದು ಸೆಟ್ಟಿನ ಐರನ್ನುಗಳ ನಡುವೆ ಐದಾರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಬಿರುಸಾದುದನ್ನು ಗಾಜಿನ ಚೂರಿನಿಂದ ಕೆರೆದು ಸರಿದೂಗಿಸಬಹುದು. ಬಳುಕುವುದಕ್ಕೆ ಮದ್ದಿಲ್ಲ, ಅದನ್ನು ಚೆಂಡನ್ನು ಮೆಲ್ಲಗೆ ಉರುಳಿಸುವ ಪಟರಿಗೆ ಹಾಕುತ್ತೇನೆ. ಶಾಫ್ಟಿನ ಯಾವ ಭಾಗದಲ್ಲಿ, ಎಷ್ಟು ಕೆರೆಯಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯಲು ನನಗೆ ಒಂಬತ್ತು ಒಳ್ಳೆಯ ಶಾಫ್ಟುಗಳು ಖರ್ಚಾಗಿವೆ.

ಹೊಸ ಹಿಕರಿ ಶಾಫ್ಟು ತರಿಸಿದರೆ ಸಾಗಣೆಯೂ ಸೇರಿ ಲಾಭವೆಲ್ಲ ಅದಕ್ಕೇ ಹೋಗುತ್ತದೆ. ಆದ್ದರಿಂದ ಹೆಡ್ಡು ಕೆಟ್ಟ ಕ್ಲಬ್ಬುಗಳ ಒಳ್ಳೆಯ ಶಾಫ್ಟುಗಳನ್ನು ಬಿಚ್ಚಿಟ್ಟುಕೊಳ್ಳುತ್ತೇನೆ. ಹೋಸೆಲ್ಲಿನ ಅಡ್ಡ ಪಿನ್ನನ್ನು ಹೊಡೆದು ತೆಗೆದ ಮೇಲೂ ಬಾರದಿದ್ದರೆ ಬೆಂಕಿಗೆ ಹಿಡಿಯುವ ಚಾಳಿ ಕೆಲವರಿಗಿದೆ. ಒಳಗಿನ ಮರ ಇದ್ದಲಾಗುತ್ತದೆ, ಹೊರಗಿನ ಛಾಯೆ ನೀಲಿಗಟ್ಟುತ್ತದೆ. ತಾಳ್ಮೆಯಿಂದ ಡ್ರಿಲ್ ಮಾಡುವುದೇ ಲೇಸು. ಹೀಟರು ಹಾಕಿದ ಮನೆಗಳಲ್ಲಿ ಮರ ಒಣಗಿ ಹೆಡ್ಡು ಗಡಗಡ ಎನ್ನುವುದಕ್ಕೆ, ಹೋಸೆಲ್ಲನ್ನು ಒಂದು ರಾತ್ರಿ ಕಾರಿನ ಆಂಟಿಫ್ರೀಜಿನಲ್ಲಿ ಅದ್ದಿಡುವ ಉಪಾಯ ಇಲ್ಲಿನ ಆಟಗಾರರದು. ಕೆಲಸ ಮಾಡುತ್ತದೆ, ಆದರೆ ಅದು ವಿಷ, ಮಕ್ಕಳು ಮತ್ತು ನಾಯಿ ಇರುವ ಮನೆಯಲ್ಲಿ ಬೇಡ. ನಾನು ಮಾರುವ ಕ್ಲಬ್ಬಿಗೆ ಇಪಾಕ್ಸಿ ಹಾಕಿ ಹೊಸ ಪಿನ್ನನ್ನೇ ಕೂರಿಸುತ್ತೇನೆ.

ಎರಡನೆಯ ಸೆಟ್ಟಿನಲ್ಲಿಯೇ ದೊಡ್ಡ ಪೆಟ್ಟು ಬಿತ್ತು. ಕೊಂಡವರ ಕೈಯಲ್ಲಿ ಮಿಡ್ ಐರನ್ನು ಆಟ ಆರಂಭಿಸುವ ಮೊದಲನೆಯ ಟೀಯಲ್ಲೇ ಮುರಿದು, ಹೆಡ್ಡು ಚೆಂಡಿಗಿಂತ ದೂರ ಹಾರಿತಂತೆ. ಯಾರಿಗೂ ತಗಲಲಿಲ್ಲವೆಂಬುದೇ ಪುಣ್ಯ. ಪಿನ್ನಿನ ಹಳೆಯ ತೂತಿನ ಬಳಿ ಕೂದಲೆಳೆಯಷ್ಟು ಸೀಳಿದ್ದು, ಅದರ ಮೇಲೆ ನಾನೇ ದಾರ ಸುತ್ತಿ ಮುಚ್ಚಿಬಿಟ್ಟಿದ್ದೆ. ಪೂರ್ತಿ 380 ಪೌಂಡನ್ನೂ ವಾಪಸು ಕೊಟ್ಟೆ. ಈಗ ದಾರ ಸುತ್ತುವ ಮೊದಲು ಆ ಜಾಗವನ್ನು ಭೂತಗನ್ನಡಿಯಲ್ಲಿ ನೋಡುತ್ತೇನೆ, ಪ್ರತಿ ಕ್ಲಬ್ಬಿನಿಂದಲೂ ನಾನೇ ಮೂವತ್ತು ಚೆಂಡು ಹೊಡೆದ ಮೇಲೆಯೇ ಸೆಟ್ಟಿಗೆ ಸೇರಿಸುತ್ತೇನೆ.

ಈಗಿನ ಲೆಕ್ಕ ಹೀಗಿದೆ: ಒಂದು ಸೆಟ್ಟಿಗೆ ಕ್ಲಬ್ಬುಗಳಿಗೇ 140ರಿಂದ 160 ಪೌಂಡು, ಗ್ರಿಪ್ಪಿನ ಚರ್ಮ, ಮೇಣದ ದಾರ, ಎಣ್ಣೆ ಇತ್ಯಾದಿಗೆ ನಲವತ್ತರ ಹತ್ತಿರ, ನನ್ನ ಕೆಲಸ ಇಪ್ಪತ್ತೈದು ಮೂವತ್ತು ಗಂಟೆ. ವರ್ಷಕ್ಕೆ ಆರು ಸೆಟ್ಟು ಆದೀತು. ಇಲ್ಲಿ ವ್ಯಾಪಾರದ ಒಟ್ಟು ವರಮಾನ ವರ್ಷಕ್ಕೆ 1,000 ಪೌಂಡು ದಾಟಿದರೆ ತೆರಿಗೆಗೆ ಹೆಸರು ನೋಂದಾಯಿಸಬೇಕು. ಎರಡು ಮೂರು ಸೆಟ್ಟಿಗೇ ಆ ಗಡಿ ದಾಟುತ್ತದೆ, ಹವ್ಯಾಸವೆಂಬ ನೆಪ ನಡೆಯುವುದಿಲ್ಲ. ದಂತದ ತುಣುಕು ಕೂರಿಸಿದ ಹಳೆಯ ಮರದ ಹೆಡ್ಡುಗಳನ್ನು ನಾನು ಮುಟ್ಟುವುದೇ ಇಲ್ಲ, ಏಕೆಂದರೆ 2022ರಿಂದ ಅವುಗಳ ಮಾರಾಟಕ್ಕೆ ಬಿಗಿ ಕಾನೂನಿದೆ.

ಅಂದು ನಕ್ಕಿದ್ದ ಹಿರಿಯರು ಈ ಚಳಿಗಾಲದಲ್ಲಿ ತಮ್ಮ ಗ್ಯಾರೇಜಿನ ಹನ್ನೊಂದು ಮುರುಕು ಕ್ಲಬ್ಬುಗಳನ್ನು ಕಾರಿನಲ್ಲಿ ತುಂಬಿಕೊಂಡು ಬಂದರು. ಒಂದೊಂದಕ್ಕೆ ಎಂಟು ಪೌಂಡು ಕೇಳಿದರು, ಐದಕ್ಕೆ ಒಪ್ಪಿದರು. ಅವುಗಳಲ್ಲಿ ನಾಲ್ಕು ಈಗಾಗಲೇ ಪೆನ್ಸಿಲಿನ ಗುರುತು ಹೊತ್ತು ಹಿಡಿಕೆಯ ಪಕ್ಕದಲ್ಲಿ ನಿಂತಿವೆ. ಒಂದು ಮ್ಯಾಶಿ ನಿಬ್ಲಿಕ್ಕು ಮಾತ್ರ ಮಿಕ್ಕವಕ್ಕಿಂತ ಬಿರುಸಾಗಿದೆ, ಈ ಭಾನುವಾರ ಅದನ್ನು ಕೆರೆಯಬೇಕು.