ಕೆಳಗೆ ಮೀನು, ಮೇಲೆ ಸೊಪ್ಪು: ಹಿತ್ತಲಲ್ಲಿ ಅಕ್ವಾಪೋನಿಕ್ಸ್ ಶುರು ಮಾಡುವುದು ಹೇಗೆ?

ತೊಟ್ಟಿಗೆ ಮೀನು ಬಿಟ್ಟ ಮೂರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ, ಹನ್ನೆರಡರಲ್ಲಿ ಒಂಬತ್ತು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ನೀರು ತಿಳಿಯಾಗಿತ್ತು. ಪಂಪು ಓಡುತ್ತಿತ್ತು. ನಲ್ಲಿ ನೀರನ್ನು ಎರಡು ದಿನ ಇಟ್ಟು ಕ್ಲೋರಿನ್ ಕೂಡ ಬಿಡಿಸಿದ್ದೆ. ಕೊಂದಿದ್ದು ನನ್ನ ಅವಸರ. ಅದಕ್ಕೇ ಈ ಲೇಖನದಲ್ಲಿ ಮೀನಿನ ಮಾತು ಬರುವುದು ತಡವಾಗಿ.

ಅಕ್ವಾಪೋನಿಕ್ಸ್ ಅಂದರೆ ಮೀನು ಸಾಕಿದ ನೀರಲ್ಲೇ, ಮಣ್ಣಿಲ್ಲದೆ ಸೊಪ್ಪು ತರಕಾರಿ ಬೆಳೆಯುವುದು. ಮೀನು ಕಿವಿರುಗಳಿಂದ ಅಮೋನಿಯಾ ಬಿಡುತ್ತದೆ. ಅದು ಮೀನಿಗೇ ವಿಷ. ಜಲ್ಲಿಕಲ್ಲಿನ ಮೈಗೆ ಅಂಟಿಕೊಂಡು ಬದುಕುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಗಿಡಕ್ಕೆ ಊಟ. ಗಿಡ ಅದನ್ನು ಹೀರಿಕೊಂಡ ಮೇಲೆ ನೀರು ಮತ್ತೆ ಮೀನಿನ ತೊಟ್ಟಿಗೆ ಇಳಿಯುತ್ತದೆ. ನನ್ನ ಹೊಸ ಜಲ್ಲಿಯಲ್ಲಿ ಈ ಎರಡು ಬಗೆಯ ಬ್ಯಾಕ್ಟೀರಿಯಾ ಇನ್ನೂ ಹುಟ್ಟಿಯೇ ಇರಲಿಲ್ಲ.

ಮೊದಲ ಸಲಕ್ಕೆ ಸಣ್ಣದಾಗಿ ಮಾಡಿ, ಆದರೆ ತೀರಾ ಸಣ್ಣದು ಬೇಡ. ನೀರು ಕಡಿಮೆ ಇದ್ದಷ್ಟೂ ಬಿಸಿಲಿಗೆ ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. ಮೀನಿಗೆ 500 ಲೀಟರಿನ ಒಂದು ನೀರಿನ ಟ್ಯಾಂಕು, ಗಿಡಕ್ಕೆ 200 ಲೀಟರಿನ ಒಂದು ನೀಲಿ ಡ್ರಮ್ಮು ಸಾಕು. ಡ್ರಮ್ಮು ಗುಜರಿಯಲ್ಲಿ ಸಿಗುತ್ತದೆ. ಒಳಗೆ ಮೊದಲು ಏನಿತ್ತು ಅಂತ ಕೇಳಿ, ಮೂಗಿಟ್ಟು ನೋಡಿ. ಉಪ್ಪಿನಕಾಯಿ, ಅಡುಗೆ ಎಣ್ಣೆ ತುಂಬಿದ್ದಾದರೆ ಸರಿ. ಕೆಮಿಕಲ್ ವಾಸನೆ ಬಂದರೆ ಎಷ್ಟು ಅಗ್ಗವಾದರೂ ಬೇಡ.

ಡ್ರಮ್ಮು ಸೀಳಿ, ಜಲ್ಲಿ ತೊಳೆಯಿರಿ

ಡ್ರಮ್ಮನ್ನು ಉದ್ದಕ್ಕೆ ಎರಡು ಹೋಳು ಮಾಡಿ. ಒಂದೊಂದು ಹೋಳೂ ಸುಮಾರು ಒಂದಡಿ ಆಳದ ತೊಟ್ಟಿಲಿನ ಹಾಗೆ ಕಾಣುತ್ತದೆ. ಗಿಡದ ಬೇರಿಗೆ ಈ ಆಳ ಹೇಳಿ ಮಾಡಿಸಿದ್ದು. ಜಲ್ಲಿ, ನೀರು ಸೇರಿದರೆ ಒಂದೊಂದು ಹೋಳು ಇನ್ನೂರು ಕೆ.ಜಿ. ಹತ್ತಿರ ತೂಗುತ್ತದೆ. ಕೆಳಗೆ ಸಾಲಿಡ್ ಬ್ಲಾಕ್ ಕಟ್ಟಿ, ಉರುಳದ ಹಾಗೆ ಎರಡೂ ಬದಿಗೆ ಒತ್ತು ಕೊಡಿ. ಟ್ಯಾಂಕಿನ ಬಾಯಿಗಿಂತ ಡ್ರಮ್ಮಿನ ತಳ ಮೇಲಿರಬೇಕು. ಆಗ ನೀರು ತಾನಾಗಿ ಇಳಿಯುತ್ತದೆ. ತಾರಸಿ ಮೇಲೆ ಮಾಡುವ ಆಸೆ ಇದ್ದರೆ ಎಂಜಿನಿಯರ್ ಒಬ್ಬರನ್ನು ಕೇಳದೆ ಕೈ ಹಾಕಬೇಡಿ.

ಹೋಳಿನ ತಳಕ್ಕೆ ತೂತು ಕೊರೆದು ಟ್ಯಾಂಕ್ ನಿಪ್ಪಲ್ (ತೂತಿಗೆ ಪೈಪನ್ನು ಸೋರದ ಹಾಗೆ ಕೂರಿಸುವ ಜೋಡಣೆ) ಹಾಕಿ. ಅದರ ಮೇಲೆ ಒಂದಿಂಚು ಪೈಪನ್ನು ನೆಟ್ಟಗೆ ನಿಲ್ಲಿಸಿ. ಡ್ರಮ್ಮಿನ ಅಂಚಿಗಿಂತ ಮೂರು ಇಂಚು ಕೆಳಗೆ ಅದರ ತುದಿ ಬರಲಿ. ಇದೇ ಪೈಪಿನ ಬುಡದಲ್ಲಿ 6 ಮಿ.ಮೀ.ನ ಒಂದೆರಡು ತೂತು ಮಾಡಿ. ಟ್ಯಾಂಕಿನಲ್ಲಿಟ್ಟ ಪಂಪು ಓಡುವಾಗ ಹೋಳಿನಲ್ಲಿ ನೀರು ಮೇಲೇರುತ್ತದೆ, ಹೆಚ್ಚಾದದ್ದು ಪೈಪಿನ ತುದಿಯಿಂದ ಚೆಲ್ಲುತ್ತದೆ. ಪಂಪು ನಿಂತಾಗ ತೂತಿನಿಂದ ನಿಧಾನಕ್ಕೆ ಖಾಲಿಯಾಗುತ್ತದೆ. ಬೇರಿಗೆ ನೀರೂ ಸಿಕ್ಕಿತು, ಗಾಳಿಯೂ ಸಿಕ್ಕಿತು. ಈ ಪೈಪಿನ ಸುತ್ತ, ಗರಗಸದಿಂದ ಗೀರು ಹೊಡೆದ ನಾಲ್ಕಿಂಚು ಪೈಪಿನ ತುಂಡೊಂದನ್ನು ಇಳಿಸಿ. ಇಲ್ಲದಿದ್ದರೆ ಜಲ್ಲಿ ಹೋಗಿ ತೂತು ಮುಚ್ಚಿಬಿಡುತ್ತದೆ.

ಬೆಲ್ ಸೈಫನ್ ಅನ್ನುವ ಇನ್ನೊಂದು ಉಪಾಯವಿದೆ. ಪಂಪು ನಿಲ್ಲಿಸದೆಯೇ ನೀರು ತುಂಬಿ, ಗಳಗಳ ಸದ್ದು ಮಾಡುತ್ತಾ ಒಮ್ಮೆಲೇ ಖಾಲಿಯಾಗುತ್ತದೆ. ನೋಡಲು ಚೆಂದ. ಆದರೆ ನೀರಿನ ಹರಿವು ಸ್ವಲ್ಪ ಆಚೀಚೆ ಆದರೂ ಮುನಿಸಿಕೊಂಡು ಕೂರುತ್ತದೆ. ನಾನು ಎರಡು ಭಾನುವಾರ ಅದರ ಜೊತೆ ಗುದ್ದಾಡಿ, ಕೊನೆಗೆ ಟೈಮರ್ ತಂದೆ.

ಜಲ್ಲಿ ಮುಕ್ಕಾಲು ಇಂಚಿಗಿಂತ ದಪ್ಪ ಬೇಡ. ಅರ್ಧ ಇಂಚಿನದು ಇನ್ನೂ ಒಳ್ಳೆಯದು. ನಮ್ಮ ಕಡೆ ಸಿಗುವ ಗ್ರಾನೈಟ್ ಜಲ್ಲಿ ಆಗುತ್ತದೆ. ಸುಣ್ಣಕಲ್ಲು ಬೆರೆತಿದೆಯೇನೋ ಅನ್ನಿಸಿದರೆ ನಾಲ್ಕು ಕಲ್ಲಿನ ಮೇಲೆ ವಿನೆಗರ್ ಬಿಡಿ. ಬುಸುಬುಸು ನೊರೆ ಬಂದರೆ ವಾಪಸ್ ಕಳಿಸಿ. ಆಮೇಲೆ ತೊಳೆಯುವ ಕೆಲಸ. ಕ್ರಷರ್ ದೂಳು ಎರಡು ನೀರಿಗೆ ಹೋಗುವಂಥದ್ದಲ್ಲ. ಬಾಂಡ್ಲಿಯಲ್ಲಿ ಹಾಕಿಕೊಂಡು, ಅಕ್ಕಿ ತೊಳೆದ ಹಾಗೆ ಕೈಯಾಡಿಸಿ, ನೀರು ತಿಳಿಯಾಗುವ ತನಕ ತೊಳೆಯಿರಿ. ಎರಡು ಹೋಳಿಗೆ ಮುನ್ನೂರು ಕೆ.ಜಿ. ಜಲ್ಲಿ. ನನಗೆ ಒಂದು ಪೂರ್ತಿ ದಿನ ಹಿಡಿಯಿತು. ಸೊಂಟದ ಕಥೆ ಬೇರೆ. ತೊಳೆದ ನೀರನ್ನು ತೆಂಗಿನ ಬುಡಕ್ಕೆ ಬಿಟ್ಟೆ.

ಪಂಪು ಕೊಳ್ಳುವಾಗ ಡಬ್ಬದ ಮೇಲಿನ ಲೀಟರ್ ಲೆಕ್ಕ ನಂಬಿಕೊಂಡು ಬರಬೇಡಿ. ಅದು ನೀರನ್ನು ಎತ್ತರಕ್ಕೆ ಏರಿಸದೇ ಇದ್ದಾಗಿನ ಲೆಕ್ಕ. ನಾಲ್ಕಡಿ ಮೇಲಕ್ಕೆ ಗಂಟೆಗೆ 1000 ಲೀಟರಾದರೂ ತಳ್ಳುವಂಥದ್ದು ಕೇಳಿ. ಟೈಮರನ್ನು 15 ನಿಮಿಷ ಆನ್, 45 ನಿಮಿಷ ಆಫ್ ಇಡಿ. ಗಾಳಿಗುಳ್ಳೆ ಬಿಡುವ ಏರ್ ಪಂಪಿಗೆ ಮಾತ್ರ ಟೈಮರ್ ಬೇಡ. ಅದು ಹಗಲೂ ರಾತ್ರಿ ಓಡುತ್ತಲೇ ಇರಬೇಕು.

ಈಗ ಒಂದೂವರೆ ತಿಂಗಳು ಕಾಯಿರಿ

ನೀರು ತುಂಬಿಸಿ, ಪಂಪು ಓಡಿಸಿ, ಮೀನಿಲ್ಲದ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯಾ ಆಗುತ್ತದೆ. ಆ ಅಮೋನಿಯಾಕ್ಕೆ ಬ್ಯಾಕ್ಟೀರಿಯಾ ಬಂದು ಸೇರುತ್ತದೆ. ಮೊಸರಿಗೆ ಹೆಪ್ಪು ಹಾಕುವ ಹಾಗೆ ಇದಕ್ಕೂ ಹೆಪ್ಪು ಉಂಟು. ಗೆಳೆಯರ ಮನೆಯ ಹಳೇ ಅಕ್ವೇರಿಯಂ ಇದ್ದರೆ, ಅದರ ಫಿಲ್ಟರಿನ ಸ್ಪಂಜನ್ನು ನಿಮ್ಮ ನೀರಲ್ಲಿ ಹಿಂಡಿ. ಕೆಲಸ ಬೇಗ ಆಗುತ್ತದೆ.

ಅಕ್ವೇರಿಯಂ ಅಂಗಡಿಯಲ್ಲಿ ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಸಿಗುತ್ತದೆ. ಎರಡು ದಿನಕ್ಕೊಮ್ಮೆ ನೋಡುತ್ತಿರಿ. ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ಅದೂ ಇಳಿದು, ಎರಡೂ ಸೊನ್ನೆಗೆ ಬಂದು, ನೈಟ್ರೇಟ್ ಕಾಣಿಸಿಕೊಂಡರೆ ತೊಟ್ಟಿ ತಯಾರು. ಸಾಮಾನ್ಯವಾಗಿ 4ರಿಂದ 6 ವಾರ. ಚಳಿಗಾಲದಲ್ಲಿ ಇನ್ನೂ ಜಾಸ್ತಿ ಹಿಡಿಯಬಹುದು. ಈ ಹೊತ್ತಲ್ಲೇ ಸಸಿ ನೆಟ್ಟುಬಿಡಿ, ಅವು ಬೇರು ಬಿಡುತ್ತಿರಲಿ.

ನೀರಿನ ಪಿಎಚ್ (ಆಮ್ಲ, ಕ್ಷಾರ ಎಷ್ಟಿದೆ ಅನ್ನುವ ಅಳತೆ) 6.5ರಿಂದ 7ರ ಆಸುಪಾಸು ಇದ್ದರೆ ಮೀನು, ಗಿಡ, ಬ್ಯಾಕ್ಟೀರಿಯಾ ಮೂರಕ್ಕೂ ಒಗ್ಗುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಪಿಎಚ್ 8ರ ಹತ್ತಿರ ಕೂತುಬಿಡುತ್ತದೆ. ಅಂಥ ನೀರಲ್ಲಿ ಅಮೋನಿಯಾದ ವಿಷವೂ ಹೆಚ್ಚು. ಮಳೆನೀರು ಹಿಡಿದು ಬೆರೆಸುವುದು ಒಳ್ಳೆಯ ದಾರಿ.

ಯಾವ ಮೀನು?

ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ಹಾಗಾಗಿ ಗೋಲ್ಡ್‌ಫಿಶ್ ಮತ್ತು ಕೋಯಿ ಬಿಟ್ಟಿದ್ದೇನೆ. ಎರಡೂ ಗಟ್ಟಿ ಜೀವ. "ಅಲ್ವೋ, ಮೀನಿನ ಉಚ್ಚೇಲಿ ಬೆಳೆದ ಸೊಪ್ಪನ್ನ ಹುಳಿಗೆ ಹಾಕ್ಬೇಕಾ?" ಅಂತ ಅಮ್ಮ ಕೇಳಿದರು. "ತಿಪ್ಪೆಗೊಬ್ಬರ ಏನಮ್ಮಾ ಹಾಗಾದ್ರೆ?" ಅಂದೆ. ಉತ್ತರ ಬರಲಿಲ್ಲ, ಹುಳಿ ಬಂತು.

ತಿನ್ನಲು ಸಾಕುವವರಿಗೆ ಸಾಮಾನ್ಯ ಗೆಂಡೆ ಸುಲಭ. ರೋಹು, ಕಾಟ್ಲಾಗೆ ಈ ಟ್ಯಾಂಕು ಸಾಲದು. ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಅಕ್ವಾಪೋನಿಕ್ಸ್‌ಗೆ ಜಗತ್ತಿನಲ್ಲೆಲ್ಲ ಹೆಸರಾದದ್ದು. ಆದರೆ ನಮ್ಮಲ್ಲಿ ಅದನ್ನು ಸಾಕಲು ನಿಯಮಗಳಿವೆ, ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಕ್ಕಂತೂ ದೇಶದಲ್ಲೇ ನಿಷೇಧವಿದೆ. ಯಾರೇ ಮರಿ ಕೊಡುತ್ತೇನೆ ಅಂದರೂ ತರಬೇಡಿ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸಣ್ಣ ತೊಟ್ಟಿಗಳಿಗೆ ಹೇಳುವ ಮಿತಿ 1000 ಲೀಟರಿಗೆ 20 ಕೆ.ಜಿ. ಮೀನು. ಹೊಸಬರು ಅದರ ಹತ್ತಿರವೂ ಹೋಗಬೇಡಿ. 500 ಲೀಟರಿಗೆ ಹದಿನೈದು ಮರಿ ಸಾಕು. ಮರಿ ತಂದ ಕವರನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಲು ಬಿಟ್ಟು, ಆಮೇಲೆ ಬಿಚ್ಚಿ. ದಿನಕ್ಕೆ ಎರಡು ಸಲ, ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರ ಹಾಕಿ. ಮಿಕ್ಕಿದ್ದನ್ನು ತೆಗೆದುಬಿಡಿ. ಮೇಲೆ ಬಲೆ ಕಟ್ಟುವುದು ಮರೆಯಬೇಡಿ. ಮಿಂಚುಳ್ಳಿಗೆ ವಿಳಾಸ ಹೇಳಿಕೊಡಬೇಕಾಗಿಲ್ಲ.

ಗಿಡಗಳಲ್ಲಿ ಪುದೀನ, ಬಸಳೆ, ಒಂದೆಲಗ, ದಂಟು, ಪಾಲಕ್ ಸಲೀಸಾಗಿ ಬರುತ್ತವೆ. ಪುದೀನವಂತೂ ಬೇಡ ಅಂದರೂ ಹಬ್ಬುತ್ತದೆ. ಟೊಮೆಟೊ, ಬದನೆಗೆ ಮೀನು ದೊಡ್ಡದಾಗುವ ತನಕ ತಡೆಯಿರಿ. ಗೆಡ್ಡೆ ತರಕಾರಿ ಜಲ್ಲಿಯಲ್ಲಿ ಸೊಟ್ಟಗಾಗುತ್ತದೆ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣ ಸಾಲುತ್ತಿಲ್ಲ ಅಂತ. ಗೊಬ್ಬರದ ಅಂಗಡಿಯಲ್ಲಿ ಕೀಲೇಟೆಡ್ ಕಬ್ಬಿಣ, ಅಂದರೆ ಗಿಡ ಹೀರಿಕೊಳ್ಳುವಂಥ ರೂಪದ ಕಬ್ಬಿಣದ ಪುಡಿ ಸಿಗುತ್ತದೆ. 500 ಲೀಟರಿಗೆ ಕಬ್ಬಿಣದ ಲೆಕ್ಕದಲ್ಲಿ 1 ಗ್ರಾಂ ಸಾಕು. ಪುಡಿಯಲ್ಲಿ ಕಬ್ಬಿಣ ಶೇಕಡಾ ಎಷ್ಟಿದೆ ಅಂತ ಪ್ಯಾಕೆಟ್ಟಿನಲ್ಲಿ ನೋಡಿ ತೂಗಿ. ಹುಳ ಬಿದ್ದರೆ ಕೀಟನಾಶಕ, ಸೋಪಿನ ನೀರು ಎರಡೂ ಬೇಡ. ಎಲೆಗೆ ಹೊಡೆದದ್ದು ಮೀನಿಗೇ ಹೋಗುವುದು. ಕೈಯಲ್ಲೇ ಹೆಕ್ಕಿ.

ಇನ್ನು ಕರೆಂಟು. ಅದು ಹೋದಾಗ ಗಿಡ ಸುಮ್ನೆ ಇರುತ್ತದೆ, ಮೀನು ಇರುವುದಿಲ್ಲ. ನೀರಿನ ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದರೆ ಉಸಿರು ಕಟ್ಟುತ್ತಿದೆ ಅಂತ ಅರ್ಥ. ಏರ್ ಪಂಪನ್ನು ಯುಪಿಎಸ್ ಲೈನಿಗೆ ಕೊಡಿ. ಬ್ಯಾಟರಿಯದ್ದು ಒಂದು ಮನೆಯಲ್ಲಿರಲಿ. ಏನೂ ಇಲ್ಲದ ರಾತ್ರಿ ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಅದೇ ತೊಟ್ಟಿಗೆ ಸುರಿಯುತ್ತಿರಿ. ಕಳೆದ ಮಳೆಗಾಲದಲ್ಲಿ ನಾನೂ ಅಮ್ಮನೂ ಪಾಳಿ ಹಾಕಿಕೊಂಡು ಸುರಿದಿದ್ದೇವೆ, ಬೆಳಗಿನ ಜಾವ ಮೂರೂವರೆ ತನಕ.