ಹೊಸದಾಗಿ ಅಮೆರಿಕಾಕ್ಕೆ ಬಂದೋರಿಗೆ: ಹ್ಯಾಲೋವೀನ್ ಪಾಟ್‌ಲಕ್‌ಗೆ ಜೇಡರ ಬಲೆ ಡಿಪ್

ಅಕ್ಟೋಬರ್ ಅರ್ಧ ಕಳೀತಿದ್ದಂಗೆ ಆಫೀಸಲ್ಲಿ, ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಒಂದು ಸೈನ್ ಅಪ್ ಶೀಟ್ ಓಡಾಡೋಕೆ ಶುರುವಾಗುತ್ತೆ, ಹ್ಯಾಲೋವೀನ್ ಪಾಟ್‌ಲಕ್ ಇದೆ, ಯಾರ್ಯಾರು ಏನೇನು ತರ್ತೀರಾ ಬರೀರಿ ಅಂತ. ಹ್ಯಾಲೋವೀನ್ ಅಂದ್ರೆ ಅಕ್ಟೋಬರ್ 31ಕ್ಕೆ ದೆವ್ವ, ಅಸ್ಥಿಪಂಜರ, ಜೇಡರ ಬಲೆ ಅಂತ ಅಲಂಕಾರ ಮಾಡೋ ಹಬ್ಬ, ಪಾಟ್‌ಲಕ್ ಅಂದ್ರೆ ಒಬ್ಬೊಬ್ಬರೂ ಒಂದೊಂದು ಅಡುಗೆ ತಂದು ಹಂಚ್ಕೊಂಡು ತಿನ್ನೋದು. ಹೊಸದಾಗಿ ಬಂದ ನಮ್ಮೋರು ಎಷ್ಟೋ ಜನ ಅಲ್ಲಿ ಪೇಪರ್ ಪ್ಲೇಟ್, ಕೋಕ್ ಬಾಟಲ್ ಅಂತ ಬರೆದು ಸುಮ್ಮನಾಗಿಬಿಡ್ತಾರೆ. ದಯವಿಟ್ಟು ಹಂಗೆ ಮಾಡ್ಬೇಡಿ. ಒಂದು ಡಿಪ್ ಬರೀರಿ, ಅಂದ್ರೆ ಚಿಪ್ಸ್ ಅದ್ದಿಕೊಂಡು ತಿನ್ನೋ ಪದಾರ್ಥ. ಯಾಕೆ ಅಂದ್ರೆ ಪಾರ್ಟಿಲಿ ಮಿಕ್ಕಿದ್ದೆಲ್ಲಾ ಜನ ಪ್ಲೇಟಿಗೆ ಹಾಕ್ಕೊಂಡು ಎಲ್ಲೋ ಹೋಗಿ ಕೂತ್ಕೋತಾರೆ, ಡಿಪ್ ಇಟ್ಟಿರೋ ಟೇಬಲ್ ಹತ್ರ ಮಾತ್ರ ನಿಂತೇ ಇರ್ತಾರೆ, ಒಂದು ಚಿಪ್ಸ್, ಎರಡು ಮಾತು, ಇನ್ನೊಂದು ಚಿಪ್ಸ್. ಹೊಸ ಊರಲ್ಲಿ ಪರಿಚಯ ಆಗೋಕೆ ಅದಕ್ಕಿಂತ ಒಳ್ಳೆ ಜಾಗ ನಂಗೆ ಗೊತ್ತಿಲ್ಲ. ಎರಡನೇ ಕಾರಣ ಇನ್ನೂ ಮುಖ್ಯ, ನೀವು ಸಸ್ಯಾಹಾರಿ ಆಗಿದ್ರೆ ಆ ಟೇಬಲ್ ಮೇಲೆ ಧೈರ್ಯವಾಗಿ ತಿನ್ನೋಕೆ ನಿಮ್ಮದೇ ಒಂದು ಐಟಂ ಆದ್ರೂ ಇರುತ್ತೆ.

ನಾನು ಹೇಳ್ತಿರೋದು ಸೆವೆನ್ ಲೇಯರ್ ಡಿಪ್. ಇದು ಟೆಕ್ಸಾಸ್ ಕಡೆಯ ಟೆಕ್ಸ್-ಮೆಕ್ಸ್ ಅಡುಗೆ, ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆ ಅಲ್ಲ. ಟೆಕ್ಸಾಸ್‌ನಲ್ಲಿ ಮೊದಲಿಂದಾನೂ ಮಾಡ್ತಿದ್ರು, 1981ರಲ್ಲಿ ಫ್ಯಾಮಿಲಿ ಸರ್ಕಲ್ ಅನ್ನೋ ಮ್ಯಾಗಜೀನ್‌ನಲ್ಲಿ ರೆಸಿಪಿ ಅಚ್ಚಾಯ್ತು, ಈಗ ಪಾರ್ಟಿ ಅಂದ್ರೆ ಎಲ್ಲಾ ಕಡೆ ಇರುತ್ತೆ. ಬೀನ್ಸ್, ಚೀಸ್, ಸಾಲ್ಸಾ (ಟೊಮ್ಯಾಟೊ ಚಟ್ನಿ ಥರದ್ದು), ಆವಕಾಡೊ (ಬೆಣ್ಣೆಹಣ್ಣು), ಸೋರ್ ಕ್ರೀಮ್ (ಹುಳಿ ಬರಿಸಿದ ಗಟ್ಟಿ ಕೆನೆ), ಆಲಿವ್, ಈರುಳ್ಳಿ ಹೂವು, ಒಂದರ ಮೇಲೊಂದು ಪದರ ಪದರವಾಗಿ. ಹ್ಯಾಲೋವೀನ್‌ಗೆ ಇದನ್ನ ಹೊಂದಿಸೋದು ತುಂಬಾ ಸುಲಭ, ಹಸಿರು ಆವಕಾಡೊ ಪದರ ಮೇಲಕ್ಕೆ ತಂದು ಅದರ ಮೇಲೆ ಬಿಳೀ ಸೋರ್ ಕ್ರೀಮಲ್ಲಿ ಜೇಡರ ಬಲೆ ಬಿಡಿಸೋದು, ಕಪ್ಪು ಆಲಿವ್‌ನಲ್ಲಿ ಒಂದು ಜೇಡ ಕೂರಿಸೋದು, ಅಷ್ಟೇ. ರಂಗೋಲಿ ಹಾಕಿ ಅಭ್ಯಾಸ ಇರೋ ಕೈಗೆ ಐದು ನಿಮಿಷದ ಕೆಲಸ.

ಮೊದಲು ಅಂಗಡಿ ವಿಷಯ, ಇಲ್ಲೇ ಜಾಸ್ತಿ ಗಮನ ಬೇಕು. ರಿಫ್ರೈಡ್ ಬೀನ್ಸ್ ಅಂತ 16 ಔನ್ಸ್ ಡಬ್ಬಿ ಸಿಗುತ್ತೆ, ಹೆಸರು ನೋಡಿ ಬರೀ ಕಾಳು ಅನ್ಕೋಬೇಡಿ, ಟ್ರೆಡಿಷನಲ್ ಅಂತ ಬರೆದಿರೋದ್ರಲ್ಲಿ ಎಷ್ಟೋ ಸಲ ಲಾರ್ಡ್ ಇರುತ್ತೆ, ಅಂದ್ರೆ ಹಂದಿ ಕೊಬ್ಬು. ಪಕ್ಕದಲ್ಲೇ ವೆಜಿಟೇರಿಯನ್ ಅಂತ ಬರೆದಿರೋ ಡಬ್ಬಿ ಇರುತ್ತೆ, ಅದನ್ನ ತಗೊಳ್ಳಿ. ಸೋರ್ ಕ್ರೀಮ್‌ನಲ್ಲಿ ಕೆಲವು ಬ್ರ್ಯಾಂಡ್‌ಗಳು ಗಟ್ಟಿ ಬರ್ಲಿ ಅಂತ ಜೆಲಟಿನ್ ಹಾಕ್ತಾರೆ, ಅದು ಪ್ರಾಣಿಗಳ ಚರ್ಮ ಮೂಳೆಯಿಂದ ಬರೋದು, ಹಿಂದುಗಡೆ ಓದಿ, ಬರೀ ಕಲ್ಚರ್ಡ್ ಕ್ರೀಮ್ ಅಂತಿದ್ರೆ ನಿಶ್ಚಿಂತೆ. ಚೀಸಲ್ಲಿ ರೆನೆಟ್ ಪ್ರಶ್ನೆ. ಹಾಲು ಒಡೆಯೋಕೆ ಹಾಕೋ ಎನ್‌ಜೈಮ್ ಅದು, ಕರುವಿನ ಹೊಟ್ಟೆಯಿಂದ ತೆಗೆದಿದ್ದೂ ಇರುತ್ತೆ, ಫಂಗಸ್‌ನಿಂದ ತಯಾರು ಮಾಡಿದ್ದೂ ಇರುತ್ತೆ. ಮೈಕ್ರೋಬಿಯಲ್ ಅಥವಾ ವೆಜಿಟೇರಿಯನ್ ರೆನೆಟ್ ಅಂತ ಬರೆದಿದ್ರೆ ಸರಿ, ಬರೀ ಎನ್‌ಜೈಮ್ಸ್ ಅಂತಿದ್ರೆ ಯಾವುದು ಅಂತ ಹೇಳೋಕಾಗಲ್ಲ. ನಿಮ್ಮ ಮನೇಲಿ ಎಷ್ಟು ಕಟ್ಟುನಿಟ್ಟು ಅನ್ನೋದು ನಿಮಗೇ ಬಿಟ್ಟಿದ್ದು, ನಾನಂತೂ ನಾಲ್ಕು ಜನಕ್ಕೆ ಬಡಿಸೋ ಪದಾರ್ಥ ಅಂದ್ಮೇಲೆ ಪೂರ್ತಿ ಓದಿಯೇ ತರ್ತೀನಿ. ಹಾಗೇ ಪಾರ್ಟಿಲಿ ಬಟ್ಟಲು ಬಟ್ಟಲು ಇಟ್ಟಿರ್ತಾರಲ್ಲ ಕ್ಯಾಂಡಿ ಕಾರ್ನ್, ಮಾರ್ಷ್‌ಮ್ಯಾಲೋ, ಗಮ್ಮಿ ಹುಳಗಳು, ಅವುಗಳಲ್ಲೂ ಸಾಮಾನ್ಯವಾಗಿ ಜೆಲಟಿನ್ ಇರುತ್ತೆ, ಮಕ್ಕಳಿಗೆ ಕೊಡೋ ಮುಂಚೆ ನೋಡ್ಕೊಳ್ಳಿ.

ಡಬ್ಬಿ ಬೇಡ ಅನ್ನೋರು ಮನೇಲೇ ಮಾಡ್ಕೋಬಹುದು, ರುಚಿ ಎಷ್ಟೋ ಮೇಲು. ಮುಕ್ಕಾಲು ಕಪ್ ಪಿಂಟೋ ಬೀನ್ಸ್ ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ ಕುಕ್ಕರಲ್ಲಿ ಕೈಲಿ ಹಿಚುಕಿದ್ರೆ ಮೆತ್ತಗಾಗೋ ತನಕ ಬೇಯಿಸಿ. ಬಾಣಲೆಯಲ್ಲಿ ಎಣ್ಣೆ, ಜೀರಿಗೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ ಹಾಕಿ ಬಾಡಿಸಿ, ಬೆಂದ ಕಾಳು ಹಾಕಿ ಸೌಟಲ್ಲೇ ಮಸೀತಾ ಹೋಗಿ, ಉಪ್ಪು, ಸ್ವಲ್ಪ ಅಚ್ಚಖಾರದ ಪುಡಿ. ಪಿಂಟೋ ಸಿಗದಿದ್ರೆ ರಾಜ್ಮಾನೂ ಆಗುತ್ತೆ. ಆದ್ರೆ ಒಂದು ವಿಷಯ, ಇಲ್ಲಿ ಎಲ್ಲರ ಮನೇಲೂ ಸ್ಲೋ ಕುಕ್ಕರ್ ಇರುತ್ತೆ, ಹಸಿ ರಾಜ್ಮಾನ ನೇರವಾಗಿ ಅದಕ್ಕೆ ಹಾಕ್ಬೇಡಿ, ರಾಜ್ಮಾದಲ್ಲಿ ಲೆಕ್ಟಿನ್ ಅಂತ ಒಂದು ವಿಷದ ಅಂಶ ಇರುತ್ತೆ, ಚೆನ್ನಾಗಿ ಕುದಿಸಿದ್ರೆ ಹೋಗುತ್ತೆ, ಸ್ಲೋ ಕುಕ್ಕರಿನ ಕಮ್ಮಿ ಶಾಖಕ್ಕೆ ಹೋಗಲ್ಲ, ವಾಂತಿ ಹೊಟ್ಟೆನೋವು ಬರುತ್ತೆ. ನಮ್ಮ ಕುಕ್ಕರ್ ಇದ್ರೆ ಆ ಚಿಂತೆ ಇಲ್ಲ.

ಆಮೇಲೆ ಹಿಂಗು ಹಾಕೋಣ ಅನ್ಸುತ್ತೆ, ನಂಗೂ ಇಷ್ಟ, ಆದ್ರೆ ಇಲ್ಲಿ ಹಾಕ್ಬೇಡಿ. ನಾವು ತಗೊಳ್ಳೋ ಡಬ್ಬಿ ಹಿಂಗಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರ್ತಾರೆ, ಗೋಧಿಯಲ್ಲಿರೋ ಗ್ಲುಟೆನ್ ಆಗದೇ ಇರೋರು ಜೋಳದ ಚಿಪ್ಸ್ ನೋಡಿ ನಂಬಿ ತಿಂತಾರೆ. ಶೇಂಗಾ ಚಟ್ನಿಪುಡಿ ಉದುರಿಸೋದೂ ಬೇಡ, ಗೋಡಂಬಿ ರುಬ್ಬಿ ಹಾಕೋದೂ ಬೇಡ. ಕಡಲೆಕಾಯಿ, ಗೋಡಂಬಿ ಅಲರ್ಜಿ ಇಲ್ಲಿ ಜನ ಬಹಳ ಸೀರಿಯಸ್ಸಾಗಿ ತಗೋತಾರೆ, ತಗೋಬೇಕಾದ್ದೇ, ಕೆಲವು ಮಕ್ಕಳಿಗೆ ಒಂದು ಚೂರು ಹೋದ್ರೂ ಉಸಿರು ಕಟ್ಟುತ್ತೆ. ಇಲ್ಲಿನ ಕಾನೂನಿನಲ್ಲಿ ಮುಖ್ಯ ಅಲರ್ಜಿ ಪದಾರ್ಥ ಅಂತ ಒಂಬತ್ತು ಇವೆ, ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿ ಜಾತಿ, ಗೋಡಂಬಿ ಬಾದಾಮಿ ಥರದ ಮರದ ಬೀಜಗಳು, ಕಡಲೆಕಾಯಿ, ಗೋಧಿ, ಸೋಯಾ, ಜೊತೆಗೆ 2023ರ ಜನವರಿಯಿಂದ ಎಳ್ಳು. ಎಳ್ಳು ಸೇರಿದ್ದು ನಮಗೆ ಗಮನದಲ್ಲಿರ್ಬೇಕು, ಹಮ್ಮಸ್ ಮಾಡಿದ್ರೆ ಅದರಲ್ಲಿ ತಾಹಿನಿ ಇರುತ್ತೆ, ಅದು ಎಳ್ಳೇ. ನಮ್ಮ ಡಿಪ್‌ನಲ್ಲಿ ಹಾಲಿನ ಪದಾರ್ಥ ಇದೆ ಅನ್ನೋದೊಂದು ಗೊತ್ತಿರೋದೇ, ಮಿಕ್ಕಿದ್ದನ್ನ ಪ್ಯಾಕೆಟ್ ನೋಡಿ ಖಾತ್ರಿ ಮಾಡ್ಕೊಂಡು ಒಂದು ಪುಟ್ಟ ಕಾರ್ಡಲ್ಲಿ ಡಿಪ್ ಹೆಸರು, ವೆಜಿಟೇರಿಯನ್, ಹಾಲು ಇದೆ, ಏನೇನು ಹಾಕಿದೀರಾ ಎಲ್ಲಾ ಬರೆದು ಪಕ್ಕದಲ್ಲಿ ನಿಲ್ಲಿಸಿ. ವೆಜಿಟೇರಿಯನ್ ಬೇರೆ, ವೀಗನ್ ಬೇರೆ, ವೀಗನ್‌ನವರು ಹಾಲು ಮೊಸರು ಏನೂ ಮುಟ್ಟಲ್ಲ, ಅವರಿಗೆ ಬೀನ್ಸ್, ಸಾಲ್ಸಾ, ಆವಕಾಡೊ ಮಾತ್ರ ಹಾಕಿ ಒಂದು ಸಣ್ಣ ಬಟ್ಟಲು ಪಕ್ಕಕ್ಕೆ ಇಟ್ರೆ ಎಷ್ಟು ಖುಷಿ ಪಡ್ತಾರೆ ಗೊತ್ತಾ.

ಆವಕಾಡೊನ ಪಾರ್ಟಿ ದಿನ ತರೋಕೆ ಹೋಗ್ಬೇಡಿ, ಅವತ್ತು ಅಂಗಡೀಲಿ ಇರೋದೆಲ್ಲಾ ಕಲ್ಲಿನಷ್ಟು ಗಟ್ಟಿ ಇರೋ ಸಾಧ್ಯತೆ ಜಾಸ್ತಿ. ಮೂರು ನಾಲ್ಕು ದಿನ ಮುಂಚೆ ನಾಲ್ಕು ಕಾಯಿ ತಂದು ಕಂದು ಪೇಪರ್ ಬ್ಯಾಗಲ್ಲಿ ಒಂದು ಬಾಳೆಹಣ್ಣಿನ ಜೊತೆ ಇಟ್ಬಿಡಿ, ಬಾಳೆಹಣ್ಣಿಂದ ಬರೋ ಎಥಿಲೀನ್ ಗ್ಯಾಸಿಗೆ ಬೇಗ ಹಣ್ಣಾಗುತ್ತೆ. ತೊಟ್ಟಿನ ಹತ್ರ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದ್ರೆ ಸ್ವಲ್ಪ ಒಳಗೆ ಹೋಗ್ಬೇಕು, ಆಗ ಫ್ರಿಜ್ಜಿಗೆ ಹಾಕಿ. ಮಾಡೋವಾಗ ತಿರುಳು ಬಿಡಿಸಿ ಫೋರ್ಕಲ್ಲಿ ನುಣ್ಣಗೆ ಮಸೆದು ಒಂದೂವರೆ ಲೈಮ್ ಹಣ್ಣಿನ ರಸ, ಉಪ್ಪು, ಬೇಕಿದ್ರೆ ಬೀಜ ತೆಗೆದು ಸಣ್ಣಗೆ ಹೆಚ್ಚಿದ ಹಲಪೇನೋ ಮೆಣಸಿನಕಾಯಿ ಒಂದು. ಖಾರ ಕಮ್ಮಿ ಇರ್ಲಿ, ಖಾರ ಬೇಕು ಅನ್ನೋರಿಗೆ ಪಕ್ಕದಲ್ಲಿ ಬೇರೆ ಇಡಿ. ಲೈಮ್ ರಸ ಬರೀ ರುಚಿಗಲ್ಲ, ಆವಕಾಡೊ ಗಾಳಿಗೆ ಕಂದು ಬಣ್ಣಕ್ಕೆ ತಿರುಗೋದನ್ನ ಆ ಹುಳಿ ತಡೆಯುತ್ತೆ. ಆದ್ರೂ ಪೂರ್ತಿ ತಡೆಯಲ್ಲ, ಅದಕ್ಕೇ ಈ ಪದರ ಕೊನೇಲಿ ಮಾಡಿ.

ಒಂಬತ್ತು ಇಂಚಿನ ದುಂಡು ಗಾಜಿನ ಪೈ ಡಿಶ್ ತಗೊಳ್ಳಿ, ದುಂಡಗಿದ್ರೇನೇ ಬಲೆ ಚೆನ್ನಾಗಿ ಕಾಣೋದು, ಗಾಜಿಂದಾದ್ರೆ ಪಕ್ಕದಿಂದ ಪದರಗಳೂ ಕಾಣುತ್ತೆ. ಬೀನ್ಸಿಗೆ ಒಂದೆರಡು ಚಮಚ ಟ್ಯಾಕೋ ಸೀಸನಿಂಗ್ (ಅಂಗಡೀಲಿ ಸಿಗೋ ಮಸಾಲೆ ಪುಡಿ) ಕಲಸಿ ತಳಕ್ಕೆ ಹರಡಿ, ಡಬ್ಬಿ ಬೀನ್ಸ್ ಗಟ್ಟಿ ಇರುತ್ತೆ, ಸ್ವಲ್ಪ ಬಿಸಿ ನೀರು ಹಾಕಿ ಸಡಿಲ ಮಾಡ್ಕೊಳ್ಳಿ, ಇಲ್ಲಾಂದ್ರೆ ಚಿಪ್ಸ್ ಮುರಿಯುತ್ತೆ. ಬೀನ್ಸ್ ಪೂರ್ತಿ ತಣ್ಣಗಾಗಿರ್ಬೇಕು. ಅದರ ಮೇಲೆ ಒಂದು ಕಪ್ ತುರಿದ ಚೀಸ್. ಆಮೇಲೆ ಸಾಲ್ಸಾ ಒಂದು ಕಪ್, ಆದ್ರೆ ಜರಡಿಗೆ ಹಾಕಿ ಹತ್ತು ನಿಮಿಷ ನೀರು ಸೋರಿಸಿ ಹಾಕಿ, ಈ ಒಂದು ಕೆಲಸ ಬಿಟ್ರೆ ಪಾರ್ಟಿ ಅರ್ಧ ಆಗೋಷ್ಟರಲ್ಲಿ ತಟ್ಟೆ ತುಂಬಾ ನೀರು ನಿಲ್ಲುತ್ತೆ. ಹೆಚ್ಚಿದ ಈರುಳ್ಳಿ ಹೂವು ಸ್ವಲ್ಪ. ಅದರ ಮೇಲೆ ಆವಕಾಡೊ, ಚಮಚದ ಹಿಂಭಾಗದಲ್ಲಿ ಅಂಚಿನವರೆಗೂ ಸಮವಾಗಿ ಸವರಿ.

ಈಗ ಬಲೆ. ಅರ್ಧ ಕಪ್ ಸೋರ್ ಕ್ರೀಮ್ ಒಂದು ಬಟ್ಟಲಿಗೆ ಹಾಕ್ಕೊಂಡು ಚೆನ್ನಾಗಿ ಕಲಕಿ, ಹದ ದೋಸೆ ಹಿಟ್ಟಿನಷ್ಟಿರ್ಬೇಕು, ಗಟ್ಟಿ ಅನ್ಸಿದ್ರೆ ಒಂದು ಟೀ ಚಮಚ ಹಾಲು. ಜಿಪ್‌ಲಾಕ್ ಬ್ಯಾಗಿಗೆ ತುಂಬಿ ಒಂದು ಮೂಲೆಗೆ ಇಳಿಸಿ, ಮೂಲೆ ತುದಿ ಸ್ವಲ್ಪಾನೇ ಕತ್ತರಿಸಿ, ಮೆಹಂದಿ ಕೋನ್ ಹಿಡ್ಕೊಂಡ ಹಾಗೇ ಹಿಡ್ಕೊಂಡು ಮಧ್ಯದಲ್ಲಿ ಒಂದು ಚುಕ್ಕಿ, ಅದರ ಸುತ್ತ ಒಂದೊಂದು ಇಂಚು ಬಿಟ್ಟು ನಾಲ್ಕು ವೃತ್ತ. ಆಮೇಲೆ ಒಂದು ಟೂತ್‌ಪಿಕ್ ತಗೊಂಡು ಮಧ್ಯದ ಚುಕ್ಕಿಯಿಂದ ಅಂಚಿಗೆ ನೇರವಾಗಿ ಮೆಲ್ಲಗೆ ಎಳೀರಿ, ಎಂಟು ಗೆರೆ, ಒಂದೊಂದು ಸಲ ಎಳೆದಾಗಲೂ ಟೂತ್‌ಪಿಕ್ ಒರೆಸ್ಕೊಳ್ಳಿ. ತುಂಬಾ ಆಳಕ್ಕೆ ಚುಚ್ಬೇಡಿ, ಮೇಲ್ಮೇಲೆ ಸಾಕು. ವೃತ್ತ ಎಲ್ಲಾ ಮೂಲೆ ಮೂಲೆಯಾಗಿ ಎಳ್ಕೊಂಡು ಬಲೆ ತಾನಾಗೇ ಬರುತ್ತೆ, ನೋಡೋಕೆ ಅಷ್ಟು ಚೆಂದ, ಇದನ್ನ ಮಕ್ಕಳ ಕೈಲಿ ಮಾಡ್ಸಿ.

ಜೇಡಕ್ಕೆ ಬೀಜ ತೆಗೆದ ಕಪ್ಪು ಆಲಿವ್ ಒಂದನ್ನ ಉದ್ದಕ್ಕೆ ಸೀಳಿ ಅರ್ಧ ಭಾಗ ಹೊಟ್ಟೆಗೆ, ಇನ್ನೊಂದರಲ್ಲಿ ಪುಟ್ಟ ಚೂರು ತಲೆಗೆ, ಮಿಕ್ಕಿದ್ದನ್ನ ತೆಳ್ಳಗೆ ಬಾಗಿರೋ ಎಳೆಗಳಾಗಿ ಹೆಚ್ಚಿದ್ರೆ ಕಾಲು, ಆ ಕಡೆ ನಾಲ್ಕು ಈ ಕಡೆ ನಾಲ್ಕು. ಎಣಿಸೋ ಮಕ್ಕಳು ಇದ್ದೇ ಇರ್ತಾರೆ, ಆರು ಕಾಲು ಇಟ್ರೆ ಹಿಡ್ಕೋತಾರೆ. ಅಂಚಿನ ಸುತ್ತ ಉಳಿದ ಆಲಿವ್, ಈರುಳ್ಳಿ ಹೂವು, ಚೀಸ್ ಉದುರಿಸಿ. ಹತ್ತು ಹನ್ನೆರಡು ಜನಕ್ಕೆ ಸಾಕಾಗುತ್ತೆ, ಎರಡು ದೊಡ್ಡ ಪ್ಯಾಕ್ ಟೋರ್ಟಿಯಾ ಚಿಪ್ಸ್ ಬೇಕು, ತೆಳ್ಳನೆಯದು ಬೇಡ, ದಪ್ಪದ್ದು ತಗೊಳ್ಳಿ. ಸೌತೆಕಾಯಿ, ಕ್ಯಾರೆಟ್ ಉದ್ದುದ್ದ ಹೆಚ್ಚಿ ಪಕ್ಕದಲ್ಲಿಟ್ರೂ ಖಾಲಿಯಾಗುತ್ತೆ.

ತಗೊಂಡು ಹೋಗೋದು, ಇಡೋದು ಹೇಗೆ ಅಂತಾನೂ ಹೇಳ್ತೀನಿ. ಇಲ್ಲಿನ ಸರ್ಕಾರದ ಸಲಹೆ ಏನಂದ್ರೆ ಇಂಥ ಫ್ರಿಜ್ ಪದಾರ್ಥಗಳು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹೊರಗಿನ ಬಿಸಿ 90 ಫ್ಯಾರನ್‌ಹೀಟ್ ದಾಟಿದ್ರೆ ಒಂದೇ ಗಂಟೆ. ಟೆಕ್ಸಾಸ್, ಅರಿಜೋನಾ ಕಡೆ ಇರೋರಿಗೆ ಅಕ್ಟೋಬರಲ್ಲೂ ಇದು ಲೆಕ್ಕಕ್ಕೆ ಬರುತ್ತೆ. ಐಸ್ ಪ್ಯಾಕ್ ಹಾಕಿದ ಕೂಲರಲ್ಲಿ ತಗೊಂಡ್ಹೋಗಿ, ಅಲ್ಲಿ ದೊಡ್ಡ ಟ್ರೇಗೆ ಐಸ್ ಹಾಕಿ ಅದರ ಮೇಲೆ ಡಿಶ್ ಇಡಿ. ಕೆಲವರು ಹೊಗೆ ಬರ್ಲಿ ಅಂತ ಡ್ರೈ ಐಸ್ ತಂದಿರ್ತಾರೆ, ಅದು ಮೈನಸ್ 78 ಡಿಗ್ರಿ ಸೆಲ್ಸಿಯಸ್, ಬರಿಗೈಲಿ ಮುಟ್ಟಿದ್ರೆ ಚರ್ಮ ಸುಟ್ಟಂಗಾಗುತ್ತೆ, ನಿಮ್ಮ ಡಿಪ್ ಹತ್ರ ಅದನ್ನ ಬಿಡ್ಬೇಡಿ.

ಒಂದು ಚಿಪ್ಸ್ ಅದ್ದಿ ಕಚ್ಚಿದ ಮೇಲೆ ಅದೇ ಚಿಪ್ಸನ್ನ ಮತ್ತೆ ಅದ್ದಬಾರದು, ಇಲ್ಲಿ ಅದನ್ನ ಡಬಲ್ ಡಿಪ್ಪಿಂಗ್ ಅಂತಾರೆ. ಎಂಜಲು ಮುಸುರೆ ನೋಡ್ಕೊಂಡು ಬೆಳೆದ ನಮಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ, ಮಕ್ಕಳಿಗೆ ಮಾತ್ರ ಮನೇಲೇ ಹೇಳಿ ಕರ್ಕೊಂಡ್ಹೋಗಿ. ಒಂದು ಸರ್ವಿಂಗ್ ಚಮಚ, ಸಣ್ಣ ಪ್ಲೇಟ್ ಇಟ್ರೆ ಎಲ್ಲರಿಗೂ ನೆಮ್ಮದಿ. ಮಕ್ಕಳೇ ಜಾಸ್ತಿ ಇದ್ರೆ ಪಾರದರ್ಶಕ ಪ್ಲಾಸ್ಟಿಕ್ ಕಪ್‌ಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಂತ ಮಾಡಿ, ಮೇಲೆ ಪುಟ್ಟ ಬಲೆ, ಕೆಲಸ ಸ್ವಲ್ಪ ಜಾಸ್ತಿನೇ, ಆದ್ರೆ ಚೊಕ್ಕವಾಗಿರುತ್ತೆ.

ಸ್ಕೂಲಿಗೆ ಮಾತ್ರ ಇದನ್ನ ಕಳಿಸೋ ಮುಂಚೆ ಟೀಚರನ್ನ ಕೇಳಿ. ಎಷ್ಟೋ ಸ್ಕೂಲುಗಳಲ್ಲಿ ಮನೆ ಅಡುಗೆ ತಗೊಳ್ಳಲ್ಲ, ಅಂಗಡಿಯ ಸೀಲ್ ಒಡೆಯದ ಪ್ಯಾಕೆಟ್ಟೇ ಆಗ್ಬೇಕು ಅಂತಾರೆ. ಇನ್ನು 31ರ ರಾತ್ರಿ ಮಕ್ಕಳು ಮನೆಮನೆಗೂ ಹೋಗಿ ಕ್ಯಾಂಡಿ ಕೇಳ್ತಾರೆ, ಆಗ ಓಣೀಲಿ ಯಾರ ಮನೆ ಮುಂದಾದ್ರೂ ನೀಲಿ-ಹಸಿರು ಬಣ್ಣ ಬಳಿದ ಕುಂಬಳಕಾಯಿ ಇದ್ರೆ ಅಲರ್ಜಿ ಇರೋ ಮಕ್ಕಳಿಗೆ ಅಲ್ಲಿ ತಿಂಡಿ ಬದಲು ಸ್ಟಿಕರ್, ಪೆನ್ಸಿಲ್ ಥರದ್ದು ಸಿಗುತ್ತೆ ಅಂತ ಅರ್ಥ, 2014ರಿಂದ ದೇಶದ ತುಂಬಾ ನಡೀತಿದೆ, ಒಳ್ಳೆ ಪದ್ಧತಿ.

ದೀಪಾವಳಿ ಹತ್ರ ಇರೋವಾಗ ದೆವ್ವ, ಅಸ್ಥಿಪಂಜರ ಎಲ್ಲಾ ಮನೆಗೆ ತರೋದಾ ಅಂತ ಊರಿಂದ ಅಮ್ಮ ಅತ್ತೆ ಕೇಳ್ತಾರೆ. 2024ರಲ್ಲಂತೂ ನರಕ ಚತುರ್ದಶಿ ದಿನಾನೇ ಹ್ಯಾಲೋವೀನ್ ಬಂದಿತ್ತು. ಅದಕ್ಕೇ ನಂಗೆ ಜೇಡರ ಬಲೆ ಇಷ್ಟ, ಯಾರ ಮನಸ್ಸಿಗೂ ಕಿರಿಕಿರಿ ಇಲ್ಲ, ಬೆಳಿಗ್ಗೆ ಎಣ್ಣೆ ಸ್ನಾನ ಮಾಡಿ ಸಂಜೆ ಇದನ್ನ ತಗೊಂಡು ಪಾರ್ಟಿಗೆ ಹೋಗ್ಬಹುದು. ಮಾರನೇ ದಿನ ನವೆಂಬರ್ 1, ಕನ್ನಡ ಸಂಘದ ರಾಜ್ಯೋತ್ಸವ ಆ ವಾರಾಂತ್ಯಕ್ಕೋ ಮುಂದಿನದಕ್ಕೋ ಇದ್ದೇ ಇರುತ್ತೆ, ಅಲ್ಲಿಗೆ ಅದೇ ದುಂಡು ತಟ್ಟೇಲಿ ಅರ್ಧ ಅರಿಶಿನ ಹಾಕಿ ರುಬ್ಬಿದ ಕಡಲೆಕಾಳು, ಅರ್ಧ ಸುಟ್ಟ ಕೆಂಪು ಕ್ಯಾಪ್ಸಿಕಂ ಸೇರಿಸಿ ರುಬ್ಬಿದ್ದು ಹರಡಿದ್ರೆ ಬಾವುಟದ ಬಣ್ಣ ಬಂತು.

ಮಾಡೋ ಕೆಲಸ ಹಂಚ್ಕೊಳ್ಳಿ, ಹಿಂದಿನ ರಾತ್ರಿ ಬೀನ್ಸ್ ಮಾಡಿ ತಣ್ಣಗಾದ ಮೇಲೆ ಅದರ ಮೇಲೆ ಚೀಸ್ ಹಾಕಿ ಮುಚ್ಚಿ ಫ್ರಿಜ್ಜಲ್ಲಿಡಿ, ಸಾಲ್ಸಾ, ಆವಕಾಡೊ, ಬಲೆ ಹೊರಡೋ ಒಂದು ಗಂಟೆ ಮುಂಚೆ. ಡಿಶ್ ಅಡಿಗೆ ಟೇಪ್ ಅಂಟಿಸಿ ನಿಮ್ಮ ಹೆಸರು ಬರೀರಿ, ಪಾಟ್‌ಲಕ್ ಮುಗಿಯೋ ಹೊತ್ತಿಗೆ ಎಲ್ಲರ ಗಾಜಿನ ಡಿಶ್ಶೂ ಒಂದೇ ಥರ ಕಾಣುತ್ತೆ. ಎರಡು ಗಂಟೆ ಮೀರಿ ಹೊರಗಿದ್ದು ಉಳಿದಿದ್ರೆ ಮನಸ್ಸು ಮಾಡಿ ಎಸೆದುಬಿಡಿ, ಒಡೆಯದ ಚಿಪ್ಸ್ ಪ್ಯಾಕ್ ಇದ್ರೆ ಆ ಮನೆಯವರಿಗೇ ಬಿಟ್ಟು ಬನ್ನಿ.